ಮೂರನೇ ಕರೆ

ಕಾವಲಿಗೆ ನೀರುದೋಸೆಯ ಹಿಟ್ಟು ಎರೆದು ಮುಚ್ಚಳ ಇಟ್ಟಿದ್ದೆ, ಅಷ್ಟರಲ್ಲಿ ಫೋನಿನ ಅಲಾರಂ ಹೊಡೆಯಿತು. ಸೌಟನ್ನು ಹಿಟ್ಟಿನಲ್ಲೇ ಬಿಟ್ಟು, ಗ್ಯಾಸ್ ಸಣ್ಣ ಮಾಡಿ ಬಾತ್‌ರೂಮಿಗೆ ನಡೆದೆ. ತಿರುಗಿ ಬರುವಾಗ ಇವರು ಒಲೆಯ ಮುಂದೆ ನಿಂತು ದೋಸೆಯನ್ನು ಮಗುಚಿ ಹಾಕಿದ್ದರು. ನೀರುದೋಸೆಯನ್ನು ಮಡಚುವುದು, ಮಗುಚುವುದಲ್ಲ ಎಂದು ಮದುವೆಯಾದಂದಿನಿಂದ ಹೇಳುತ್ತಾ ಬಂದಿದ್ದೇನೆ.

"ಹೋಗಬೇಕು ಅಂತ ಅನಿಸಿತಾ?" ಎಂದು ಕೇಳಿದರು.

"ಇಲ್ಲ. ಗಂಟೆಯಾಯಿತು, ಹೋದೆ."

"ಕಾನ್ವೆಂಟಿನವಳು ನೀನು, ಗಂಟೆ ಹೊಡೆಯದೆ ಎಂತದ್ದೂ ಮಾಡುವವಳಲ್ಲ," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅದು ಆಸ್ಪತ್ರೆಯಲ್ಲಿ ನನ್ನ ಥೆರಪಿಯ ಕೊನೆಯ ಸಿಟ್ಟಿಂಗಿನ ದಿನ ಎಂದು ಇಬ್ಬರಿಗೂ ಗೊತ್ತಿತ್ತು.

ಬೆನ್ನಿನ ಡಿಸ್ಕ್ ಜಾರಿ ನರಗಳ ಮೇಲೆ ಕೂತು, ಆಪರೇಶನ್ ಆಗಿ ಕೆಲವು ತಿಂಗಳಾಗಿತ್ತು. ಕಾಲಿನ ಬಲ ಬಂತು, ನಡಿಗೆ ಬಂತು. ಮೂತ್ರದ ಕರೆ ಮಾತ್ರ ಬರಲೇ ಇಲ್ಲ. ಎಷ್ಟು ನೀರು ಕುಡಿದರೂ ಹೊಟ್ಟೆಯ ಅಡಿಯಲ್ಲಿ ಏನೂ ತಿಳಿಯುತ್ತಿರಲಿಲ್ಲ. ಅದು ನೋವಲ್ಲ. ನೋವಿದ್ದರೆ ಅಲ್ಲಿ ಯಾರೋ ಇದ್ದಾರೆ ಎಂದಾದರೂ ಅನಿಸುತ್ತಿತ್ತು. ಇದು ಬಾಗಿಲು ತಟ್ಟಿ ತಟ್ಟಿ, ಒಳಗೆ ದೀಪ ಕಾಣುತ್ತಿದ್ದರೂ ಉತ್ತರ ಬಾರದ ಮನೆಯ ಹಾಗೆ. ಗಂಟೆ ನೋಡಿ ಹೋಗಿ ಕೂತರೆ ಸ್ವಲ್ಪ ಬರುತ್ತಿತ್ತು, ಉಳಿದದ್ದು ಒಳಗೇ. ತಡವಾದರೆ ಸೀರೆ ಒದ್ದೆಯಾದ ಮೇಲೆಯೇ ನನಗೆ ಗೊತ್ತಾಗುವುದು.

ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಕಾಲಿನ ನರದ ಮೂಲಕ ಸಣ್ಣ ಕರೆಂಟ್ ಕಳುಹಿಸುವ ಈ ಥೆರಪಿ ಮುಗಿಯುವುದರೊಳಗೆ ಒಂದು ಸಲವಾದರೂ ಕರೆ ತಾನಾಗಿ ಬಂದರೆ ದಾರಿ ತೆರೆಯಿತು ಎಂದು ಲೆಕ್ಕ. ಬಾರದಿದ್ದರೆ ನಾನೇ ಟ್ಯೂಬ್ ಹಾಕಿಕೊಂಡು ಮೂತ್ರ ತೆಗೆಯುವುದನ್ನು ಕಲಿಯಬೇಕು, ಬಹುಶಃ ಬದುಕಿರುವಷ್ಟು ದಿನ. ಆಸ್ಪತ್ರೆಯಲ್ಲಿದ್ದಾಗ ಮಂಚದ ಬದಿಗೆ ತೂಗುತ್ತಿದ್ದ ಮೂತ್ರದ ಹಳದಿ ಚೀಲವನ್ನು ನಾನು ಟವೆಲಿನಿಂದ ಮುಚ್ಚಿಡುತ್ತಿದ್ದೆ, ನೋಡಲು ಬಂದವರ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಟವೆಲಿನ ಮೇಲೆಯೇ.

ಕಾಪುವಿನಿಂದ ಹೆದ್ದಾರಿ ಹಿಡಿದು, ಉಡುಪಿ ದಾಟಿ ಮಣಿಪಾಲದ ಏರು ಹತ್ತಿ ಆಸ್ಪತ್ರೆ ಸೇರಿದೆವು.

ಥೆರಪಿಯ ಕೋಣೆ ಸಣ್ಣದು. ಕಿಟಕಿಯ ಪರದೆ ಯಾವಾಗಲೂ ಎಳೆದೇ ಇರುತ್ತದೆ. ಅಲ್ಲಿನ ಹುಡುಗಿ ಕೂದಲಿಗೆ ದಿನವೂ ಒಂದೇ ನೀಲಿ ಕ್ಲಿಪ್ ಹಾಕುತ್ತಾಳೆ. ಪಾದದ ಗಂಟಿನ ಒಳಬದಿಗೆ, ಸ್ವಲ್ಪ ಮೇಲಕ್ಕೆ ಕೂದಲಿನಷ್ಟು ತೆಳುವಾದ ಸೂಜಿ ಚುಚ್ಚಿ, ಅದಕ್ಕೆ ವಯರ್ ಸಿಕ್ಕಿಸಿ, ಅಂಗೈಯಗಲದ ಪೆಟ್ಟಿಗೆಯ ಗುಂಡಿ ತಿರುಗಿಸಿದಳು. ಜುಮ್ ಎಂದು ಏನೋ ಪಾದದ ಅಡಿಗೆ ಹರಿಯಿತು. ಕಾಲಿನ ಹೆಬ್ಬೆರಳು ಮೆಲ್ಲ ಒಳಕ್ಕೆ ಮಡಚಿತು, ಬಿಚ್ಚಿತು, ಮತ್ತೆ ಮಡಚಿತು.

"ಆಂಟಿ, ಈಗ ಬೆರಳು ನೀವು ಆಡಿಸಿದ್ದಾ?"

"ಇಲ್ಲಮ್ಮ."

"ಮತ್ತೆ ಯಾರು ಆಡಿಸಿದ್ದು?" ಎಂದು ನಕ್ಕಳು. ಪ್ರತಿ ಸಲವೂ ಅದೇ ತಮಾಷೆ. ಸೂಜಿ ಸರಿಯಾದ ಜಾಗದಲ್ಲಿ ಉಂಟು ಎಂದು ಅದರ ಅರ್ಥ. ಅವಳು ಹೊರಗೆ ಹೋದ ಮೇಲೆ ನಾನೊಬ್ಬಳೇ ಆ ಬೆರಳನ್ನು ನೋಡುತ್ತಾ ಮಲಗಿದೆ. ನನ್ನದೇ ಬೆರಳು, ಮದುವೆಯ ದಿನದ ಬಿಗಿ ಶೂಸಿನಿಂದ ಓರೆಯಾದ ಉಗುರು. ಯಾರನ್ನೋ ಹತ್ತಿರ ಬಾ ಎಂದು ಕರೆಯುವಾಗ ಕೈಬೆರಳು ಮಡಚುತ್ತದಲ್ಲ, ಹಾಗೆಯೇ ಮಡಚುತ್ತಿತ್ತು. ಅದು ಯಾರನ್ನು ಕರೆಯುತ್ತಿದೆ ಎಂದು ಒಂದು ಯೋಚನೆ ಬಂತು. ಬಂದ ಯೋಚನೆ ಇಷ್ಟವಾಗಲಿಲ್ಲ, ಹೊದಿಕೆಯನ್ನು ಪಾದದ ಮೇಲೆ ಎಳೆದುಕೊಂಡೆ. ಹೊದಿಕೆಯ ಅಡಿಯಲ್ಲಿ ಅದು ಆಡುವುದು ಇನ್ನೂ ಚೆನ್ನಾಗಿ ಕಾಣಿಸಿತು.

ಮುಗಿದ ಮೇಲೆ ಹುಡುಗಿ ಅಲಾರಂ ಬಗ್ಗೆ ಕೇಳಿದಳು. "ಇವತ್ತು ಮಧ್ಯಾಹ್ನ ಒಂದು ಹೊತ್ತು ಅದನ್ನು ಬಂದ್ ಮಾಡಿ ನೋಡಿ ಆಂಟಿ. ಡಾಕ್ಟರೇ ಹೇಳಿದ್ದಾರೆ. ಗಂಟೆ ನೋಡಬೇಡಿ, ಸುಮ್ಮನೆ ಕಾಯಿರಿ. ತುಂಬಾ ತಡ ಮಾತ್ರ ಮಾಡಬೇಡಿ."

ಇವರು ನನ್ನನ್ನು ಮನೆಗೆ ಬಿಟ್ಟು, ಊಟ ಮುಗಿಸಿ, ಗ್ರಾನೈಟ್ ನೋಡಲು ಕಾರ್ಕಳಕ್ಕೆ ಹೋದರು. ನಮ್ಮದು ಟೈಲ್ಸ್ ಅಂಗಡಿ. ನಾನು ಅಲಾರಂ ಬಂದ್ ಮಾಡಿ, ಅಡುಗೆಮನೆಯ ಮೆಟ್ಟಿಲಿನಲ್ಲಿ ಕೂತು ಒಣಸಿಗಡಿಯ ತಲೆ ಮುರಿಯತೊಡಗಿದೆ. ಗಾಳಿ ಇರಲಿಲ್ಲ. ಸಮುದ್ರ ಅಷ್ಟು ಹತ್ತಿರವಿದ್ದರೂ ಆ ಹೊತ್ತಿನಲ್ಲಿ ಅದರ ಶಬ್ದವೇ ಇರಲಿಲ್ಲ. ಸಿಗಡಿಯ ವಾಸನೆಗೆ ದಿನವೂ ಬರುವ ಬೆಕ್ಕು ಕೂಡ ಬಂದಿರಲಿಲ್ಲ.

ಆಗ ನನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು.

ಸ್ವರ ಕೇಳಿತು ಎಂದು ಹೇಳಲಾರೆ. ಹಿಂದಿನಿಂದ ನಮ್ಮ ಹೆಸರು ಕರೆದಾಗ, ಹೆಸರು ಕಿವಿಗೆ ಬೀಳುವುದಕ್ಕೂ ಮೊದಲು ಬೆನ್ನು ಸ್ವಲ್ಪ ನೆಟ್ಟಗಾಗುತ್ತದಲ್ಲ, ಅಷ್ಟೇ. ತಿರುಗಿ ನೋಡಿದೆ. ಅಡುಗೆಮನೆ ಖಾಲಿ. ಬೆಳಗ್ಗಿನ ಕಾವಲಿ ಗೋಡೆಗೆ ಒರಗಿತ್ತು.

ಕಾರ್ಕಳದಲ್ಲಿ ನಾನು ಅಜ್ಜಿಯ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋದವಳು, ಒಡಹುಟ್ಟಿದವರಿಲ್ಲದ ಒಬ್ಬಳೇ ಮಗಳು. ಸಂಜೆ ತೇರ್ಸದ ಪ್ರಾರ್ಥನೆ ಮುಗಿಸಿ ಜಪಸರವನ್ನು ಮೊಳೆಗೆ ತೂಗುಹಾಕಿದ ಮೇಲೆ ಅಜ್ಜಿ ಹೇಳುತ್ತಿದ್ದ ಮಾತು ಒಂದುಂಟು. "ನಡುಮಧ್ಯಾಹ್ನ ಯಾರಾದರೂ ಕರೆದರೆ ಮೊದಲನೇ ಸಲಕ್ಕೆ ಓ ಅನ್ನಬೇಡ ಮಗಾ, ಎರಡನೇ ಸಲಕ್ಕೂ ಬೇಡ. ಅವಕ್ಕೆ ಎರಡರ ಮೇಲೆ ಕರೆಯಲಿಕ್ಕಾಗುವುದಿಲ್ಲ. ಮನುಷ್ಯರಾದರೆ ಮೂರನೇ ಸಲ ಕರೆಯುತ್ತಾರೆ." ಸಿಸ್ಟರುಗಳು ಇದೆಲ್ಲ ಅಜ್ಞಾನ ಎಂದು ಕಲಿಸಿದ್ದರು. ನಾನು ಇಬ್ಬರ ಮಾತನ್ನೂ ಕೇಳಿದವಳು. ಅಂದರೆ, ನಂಬುವುದಿಲ್ಲ, ಓ ಅನ್ನುವುದೂ ಇಲ್ಲ.

ಓ ಅನ್ನಲಿಲ್ಲ. ಸಿಗಡಿ ಮುರಿದೆ.

ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬಂತು. ಈ ಸಲ ಹತ್ತಿರ, ಕೆಳಗೆ, ನನ್ನ ಮಡಿಲಿನಲ್ಲೇ ಯಾರೋ ಬಾಯಿಟ್ಟು ಮಾತಾಡಿದ ಹಾಗೆ. ಚಪ್ಪಲಿಯೊಳಗೆ ಹೆಬ್ಬೆರಳು ಮಡಚಿತು, ಬಿಚ್ಚಿತು. ಇಲ್ಲಿ ಸೂಜಿ ಇಲ್ಲ, ವಯರ್ ಇಲ್ಲ. ಮತ್ತೆ ಯಾರು ಆಡಿಸಿದ್ದು? ಹುಡುಗಿಯ ಮಾತು ನೆನಪಾಗಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡೆ. ಸಿಗಡಿಯ ಕೈಯಲ್ಲೇ.

ಏಳಲಿಲ್ಲ. ಎಷ್ಟೋ ತಿಂಗಳಿನಿಂದ ಆ ಒಂದು ಕರೆಗಾಗಿ ಕಾದವಳು ಅದು ಬಂದಾಗ ಅಜ್ಜಿಯ ಮಾತಿಗೆ ಕಟ್ಟುಬಿದ್ದು ಮೆಟ್ಟಿಲಿನಲ್ಲೇ ಗಟ್ಟಿಯಾಗಿ ಕೂತಿದ್ದೆ. ಅದು ಎಂತದ್ದೆಂದು ನನಗೆ ಹೊಳೆದೇ ಇರಲಿಲ್ಲ. ಆ ಕರೆ ಹೇಗಿರುತ್ತದೆ ಎಂಬುದೇ ದೇಹಕ್ಕೆ ಮರೆತುಹೋಗಿತ್ತು.

ಮೂರನೇ ಸಲ ಅದು ಕಾಯಲಿಲ್ಲ. ಹೊಟ್ಟೆಯ ಅಡಿಯಲ್ಲಿ ಬಿಸಿಯಾಗಿ, ಭಾರವಾಗಿ, ಅವಸರವಾಗಿ ಬಂತು. ಕಾನ್ವೆಂಟಿನ ಕ್ಲಾಸಿನಲ್ಲಿ ಕಿರುಬೆರಳು ಎತ್ತಿ ನಿಂತ ಆ ಪುಟ್ಟ ಹುಡುಗಿಯ ಅವಸರ ಅದು. "ಓ, ಬಂದೆ, ಬಂದೆ!" ಎಂದು ಬಾಯಿಬಿಟ್ಟೇ ಕೂಗಿದೆ. ಸಿಗಡಿಯ ತಟ್ಟೆ ಮಗುಚಿತು. ಬಾತ್‌ರೂಮಿನ ಬಾಗಿಲು ಹಾಕಲೂ ನಿಲ್ಲಲಿಲ್ಲ. ಸೀರೆ ಒದ್ದೆಯಾಗಲಿಲ್ಲ. ಅಲ್ಲಿ ಕೂತು, ಎಷ್ಟೋ ಕಾಲದ ಮೇಲೆ ಪೂರ್ತಿ ಹಗುರಾಗುವವರೆಗೆ, ಗೋಡೆಯ ಟೈಲ್ಸ್ ನೋಡುತ್ತಾ ಅತ್ತೆ.

ಸಂಜೆ ಪಕ್ಕದ ಮನೆಯ ಅಕ್ಕ ಕರಿಬೇವಿನೆಲೆಗೆಂದು ಕಂಪೌಂಡಿನ ಗೋಡೆಯ ಹತ್ತಿರ ಬಂದರು. ನಮ್ಮಿಬ್ಬರ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಧ್ಯಾಹ್ನದ ಸಂಗತಿಯನ್ನು ನಾನು ಇವರಿಗೆ ಫೋನಿನಲ್ಲಿ ಹೇಳಿದ್ದು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಕಾಲು ಹೇಗುಂಟು, ಸೊಂಟ ಹೇಗುಂಟು ಎಂದು ವಿಚಾರಿಸಿದರು. ಒಳ್ಳೆಯದುಂಟು ಎಂದೆ. ಕರಿಬೇವಿನ ಗೆಲ್ಲೊಂದನ್ನು ಬಗ್ಗಿಸಿ ಕೊಟ್ಟೆ.

"ಮಧ್ಯಾಹ್ನ ನೆಂಟರು ಬಂದಿದ್ದರಲ್ಲ ಬಾಯಮ್ಮ, ಹೋದರಾ ಇಷ್ಟು ಬೇಗ?" ಎಂದರು ಅವರು ಎಲೆ ಕೀಳುತ್ತಾ. "ಎರಡು ಸಲ ಕರೆದರೂ ನೀವು ಓ ಅನ್ನಲಿಲ್ಲ. ನನಗೇ ಸ್ವಲ್ಪ ಹೆದರಿಕೆಯಾಯಿತು, ಮಾರಾಯ್ರೆ. ಮೂರನೆಯದೂ ಕೇಳಿದ ಮೇಲೆ ಸರಿ, ಮನುಷ್ಯರೇ ಅಂತ ಒಳಗೆ ಹೋದೆ. ನಿಮ್ಮ ತಂಗಿಯಾ? ಸ್ವರ ಥೇಟ್ ನಿಮ್ಮದೇ."