ಮಾಳಿಗೆಯ ಮಣ್ಣು, ಭಂಕೂರಿನ ಬಾಣಂತಿ

2020ರ ಅಕ್ಟೋಬರ್. ಶಹಾಬಾದ್ ತಾಲ್ಲೂಕಿನ ಹಳ್ಳಿಗಳ ಕಟ್ಟಡ, ರಸ್ತೆಗಳನ್ನು ನೋಡಿಕೊಳ್ಳುವ ಕಿರಿಯ ಎಂಜಿನಿಯರ್ ಆಗಿದ್ದೆ. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆಂಧ್ರದ ಕರಾವಳಿಗೆ ಬಡಿದು, ತೆಲಂಗಾಣ ದಾಟಿ ನಮ್ಮ ತಲೆಯ ಮೇಲೆ ಬಂದು ಕೂತಿತ್ತು. ಚಿಂಚೋಳಿ, ಸೇಡಂ ಕಡೆ ಸುರಿದದ್ದೆಲ್ಲ ಕಾಗಿಣಾ ನದಿಗೆ ಇಳಿಯಿತು. ಸೇತುವೆಗಳು ಮುಳುಗಿದವು, ತೊಗರಿ ಹೊಲಗಳು ಕೆರೆಯಾದವು. ಎಲ್ಲರ ಕಣ್ಣು ನದಿಯ ಮೇಲಿದ್ದಾಗ ನನಗೆ ಭಂಕೂರಿನ ಹಳೆಯ ಮನೆಗಳನ್ನು ನೋಡಿ ಬರಲು ಹೇಳಿದರು. ನದಿ ದೊಡ್ಡವರಿಗೆ, ಮಾಳಿಗೆ ನನ್ನಂಥವರಿಗೆ ಎಂದು ಗೊಣಗುತ್ತಲೇ ಹೋದೆ.

ನಮ್ಮ ಕಡೆಯ ಹಳೆಯ ಮನೆಗಳಿಗೆ ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ತೊಲೆಯ ಮೇಲೆ ಫರಸಿ ಕಲ್ಲಿನ ಚಪ್ಪಡಿ, ಅದರ ಮೇಲೆ ಮೊಳದಷ್ಟು ಮಣ್ಣು; ಈ ಛಾವಣಿಯೇ ಮಾಳಿಗೆ. ಮಾಳಿಗೆ ಸೋರಿದರೆ ಮೇಲೆ ಹತ್ತಿ ಇನ್ನಷ್ಟು ಮಣ್ಣು ಹಾಕಿ ತುಳಿಯುವುದು ತಲೆತಲಾಂತರದ ರೂಢಿ. ಸಾಧಾರಣ ಮಳೆಗೆ ಅದು ಸರಿಯೇ. ಕಟ್ಟಡ ಸದಾ ಹೊತ್ತಿರುವ ತನ್ನದೇ ಭಾರಕ್ಕೆ ನಾವು ಡೆಡ್ ಲೋಡ್ ಎನ್ನುತ್ತೇವೆ. ಬಿಡದೆ ಸುರಿವ ಮಳೆಯಲ್ಲಿ ಮಣ್ಣು ನೀರು ಕುಡಿದು ಆ ಭಾರ ಏರುತ್ತಲೇ ಹೋಗುತ್ತದೆ, ಕೆಳಗಿನ ಗೋಡೆಯೋ ಮೆತ್ತಗಾಗುತ್ತದೆ. ನಾನು ಹೋದಾಗ ಓಣಿಯ ಗಂಡಸರೆಲ್ಲ ಬುಟ್ಟಿ ಹಿಡಿದು ಮಾಳಿಗೆಯ ಮೇಲಿದ್ದರು.

ಕಲ್ಲು ಒಡೆಯುವ ಮಹಬೂಬ್ ತನ್ನ ಮಾಳಿಗೆಗೆ ಮಣ್ಣು ಸುರಿಯುತ್ತಿದ್ದ. ಇಳಿ ಎಂದೆ.

"ಸೋರಾಕತ್ತದ್ರಿ ಅಕ್ಕಾರ. ಕೂಸಿನ ಮ್ಯಾಲ ನೀರು ಬೀಳ್ತದ. ಹಾಕಲಾರ್ದ ಏನ್ ಮಾಡ್ಲಿ?"

ಆ ಮಾಳಿಗೆಯ ಕೆಳಗೆ ಅವನ ಹೆಂಡತಿ ಶಬಾನಾ ಹಸಿ ಬಾಣಂತಿ. ಹೆಣ್ಣಾದ್ದರಿಂದ ನನ್ನನ್ನು ಒಳಗೆ ಬಿಟ್ಟರು. ತೊಲೆ ಕೂತಿದ್ದ ಗೋಡೆ ಹೊಟ್ಟೆ ಬಿಟ್ಟಿತ್ತು. ಕಲ್ಲುಗಳ ಸಂದಿಗೆ ಬೆರಳಿಟ್ಟರೆ ಕೆಸರು ಹೊರಬಂತು. ಅದರ ಬುಡಕ್ಕೇ ಹೊರಸು, ಹೊರಸಿನ ಮೇಲೆ ತಾಯಿ, ಕೂಸು. ತಕ್ಷಣ ಹೊರಡಬೇಕು ಎಂದೆ. ಮಹಬೂಬನ ತಾಯಿ ಹುಸೇನಬೀ ಹೊಸ್ತಿಲಿಗೆ ಅಡ್ಡ ಕೂತರು.

"ನಲವತ್ತು ದಿನ ಮುಗಿಲಾರ್ದ ಬಾಣಂತಿನ್ನ ಹೊರಗ ಹಾಕಂಗಿಲ್ಲ. ಥಂಡಿ ಹತ್ತಿದ್ರ ನೀವು ಬಂದು ನೋಡ್ತೀರೇನು?"

ಪೊಲೀಸರನ್ನು ಕರೆಸುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಶಾಲೆಯ ಪರಿಹಾರ ಕೇಂದ್ರವನ್ನು ನಾನೇ ನೋಡಿ ಬಂದಿದ್ದೆ. ನಾಲ್ಕೂ ಕಡೆ ಗಾಳಿ, ಒದ್ದೆ ನೆಲ, ಆ ಕೊರೊನಾ ಕಾಲದಲ್ಲಿ ಕೆಮ್ಮುತ್ತ ಒತ್ತಾಗಿ ಕೂತ ಜನ. ಅಂಥಲ್ಲಿಗೆ ನನ್ನ ಮಗಳ ಕೂಸನ್ನು ನಾನೂ ಕಳಿಸುತ್ತಿರಲಿಲ್ಲ.

"ಖಾಲಾ, ಎಂಥಾ ಖೋಲಿ ಇದ್ರ ಕಳಿಸ್ತೀರಿ?" ಎಂದೆ.

ಆಕೆ ನನ್ನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. "ಗಾಳಿ ಆಡಬಾರ್ದು. ಕೆಂಡ ಇರಬೇಕು. ಗಂಡಸರು ಸುಳೀಬಾರ್ದು."

ಅಷ್ಟೇ ತಾನೆ? ಶಾಲೆಯ ಮೂಲೆಯಲ್ಲಿ ಕಾಂಕ್ರೀಟ್ ಛಾವಣಿಯ ಒಂದು ಕೋಣೆಗೆ ಬೀಗ ಹಾಕಿತ್ತು. ಬೀಗದ ಕೈ ಇದ್ದ ಹೆಡ್ ಮಾಸ್ತರರು ಮಳೆಗೆ ವಾಡಿ ಪಟ್ಟಣದಲ್ಲಿ ಸಿಕ್ಕಿಬಿದ್ದಿದ್ದರು. ಮಹಬೂಬನ ಕೈಯಿಂದಲೇ ಬೀಗ ಒಡೆಸಿದೆ. ಕಿಟಕಿಗಳಿಗೆ ತಾಡಪತ್ರಿ ಬಡಿಸಿದೆ. ಕೆಂಡದ ಹೊಗೆ ಹೋಗಲು ಮೇಲಿನ ಕಿಂಡಿ ತೆರೆದೇ ಇರಬೇಕೆಂದು ನಾನು ಹಟ ಹಿಡಿದೆ. ಹುಸೇನಬೀ ಗೊಣಗಿ ಒಪ್ಪಿದರು. ಓಣಿಯ ಹೆಂಗಸರೇ ತಾಯಿ ಕೂಸು ಸಮೇತ ಹೊರಸು ಹೊತ್ತರು, ಮೇಲೊಂದು ತಾಡಪತ್ರಿ ಹಿಡಿದರು. ಹುಸೇನಬೀ ಕೊಡೆಯಡಿ ಕೆಂಡದ ಶೆಗಡಿ ಹಿಡಿದು ಮುಂದೆ ನಡೆದರು. ಹಸಿ ಬಾಣಂತಿಯೇ ಮನೆ ಬಿಟ್ಟ ಮೇಲೆ ಉಳಿದವರಿಗೆ ನೆಪ ಉಳಿಯಲಿಲ್ಲ. ಬುಟ್ಟಿ ಬಿಸಾಕಿ ಒಬ್ಬೊಬ್ಬರೇ ಇಳಿದರು, ಸಂಜೆಯೊಳಗೆ ಓಣಿ ಖಾಲಿಯಾಯಿತು.

ಮರುದಿನ ಬಿಸಿಲು ಬಿತ್ತು. ನಮ್ಮ ಕೆಲಸದಲ್ಲಿ ಇದೇ ಕೆಟ್ಟ ಹೊತ್ತು. ಮಳೆ ನಿಂತಿತೆಂದು ಜನ ಮನೆಗೆ ಓಡುತ್ತಾರೆ, ನೆನೆದ ಗೋಡೆ ಒಣಗುವಾಗ ಬಿರುಕು ಬಿಟ್ಟು ಕೂರುತ್ತದೆ. ಹಾಸಿಗೆ ತರುತ್ತೇನೆಂದು ಮಹಬೂಬ್ ಹೊರಟ. ಓಣಿಯ ಬಾಯಿಗೆ ಕುರ್ಚಿ ಹಾಕಿಕೊಂಡು ಕೂತೆ. ಅವನು ಅಂಗಲಾಚಿದ, ಸಿಟ್ಟಾದ, ನಾನು ಏಳಲಿಲ್ಲ.

ಮಧ್ಯಾಹ್ನ ಅವನ ಮಾಳಿಗೆ ಕುಸಿಯಿತು. ಟಿಪ್ಪರ್‌ನಿಂದ ಕಲ್ಲು ಸುರಿದಂಥ ಸದ್ದು. ಬಾಣಂತಿ ಕೋಣೆಯಲ್ಲಿ ಹೊರಸು ಇದ್ದ ಜಾಗಕ್ಕೇ ತೊಲೆ ಬಿದ್ದಿತ್ತು, ಅದರ ಮೇಲೆ ಎದೆಮಟ್ಟದ ಮಣ್ಣು. ಮಹಬೂಬ್ ರಸ್ತೆಯಲ್ಲೇ ಕೂತು ಅತ್ತ. ನಾನೂ ಅತ್ತೆ. ಮನೆ ಹೋದ ಸಂಕಟಕ್ಕಿಂತ ಕೂಸು ಉಳಿದ ಸಮಾಧಾನಕ್ಕೇ ಇಬ್ಬರೂ ಅತ್ತೆವು ಎಂದು ಈಗಲೂ ನಂಬಿದ್ದೇನೆ.

ನೀರು ಇಳಿದ ಮೇಲೆ ಪರಿಹಾರ ಕೇಂದ್ರ ಮುಚ್ಚಲು ಮೇಲಿನ ಅಧಿಕಾರಿಗಳು ಬಂದರು. ಹುಸೇನಬೀ ಬಾಗಿಲಲ್ಲಿ ನಿಂತು, "ನಲವತ್ತು ಮುಗಿಯೋತನಕ ನಾವು ಏಳಂಗಿಲ್ಲ ನೋಡ್ರಿ" ಎಂದರು. ಏಳಬೇಕಿಲ್ಲ ಎಂದು ನಾನೇ ಬರೆದುಕೊಟ್ಟೆ.

ಅಂದಿನಿಂದ ನಿವೃತ್ತಿಯಾಗುವ ತನಕ, ಯಾವ ಊರಿನಲ್ಲಾದರೂ ಜನ ಮನೆ ಬಿಟ್ಟು ಬರಲೊಲ್ಲರು ಎಂಬ ಸುದ್ದಿ ಬಂದರೆ ಪೊಲೀಸರಿಗೆ ಫೋನು ಮಾಡುವ ಮೊದಲು ನಾನೇ ಹೋಗಿ, ಎಂಥ ಜಾಗವಾದರೆ ಬರುತ್ತೀರಿ ಎಂದು ಕೇಳುತ್ತಿದ್ದೆ. ಒಬ್ಬರೂ ಉತ್ತರ ಕೊಡದೆ ನನ್ನನ್ನು ವಾಪಸ್ ಕಳಿಸಲಿಲ್ಲ.