ಹರಿವಾಣಕ್ಕೆ ಬಿದ್ದ ಕಾರಿನೆಣ್ಣೆ

ಮರೆಮ್ಮನ ಬಾಯಿಗೆ ಹೆದರದವರು ಪುಣೆಯ ಭೋಸರಿಯಲ್ಲಿ ಕಡಿಮೆ. ನೀರಿನ ಟ್ಯಾಂಕರಿನವನು ಅವಳ ಚಾಳಿನ ಮುಂದೆ ನಿಂತರೆ ಮೊದಲು ಅವಳ ಕೊಡ ತುಂಬಿಸಿ ಆಮೇಲೆ ಉಳಿದವರ ಕಡೆ ನೋಡುತ್ತಿದ್ದ. ಯಾದಗಿರಿ ಕಡೆಯಿಂದ ಗಂಡ ಅಂಬಾರಾಯನ ಜೊತೆ ಪುಣೆಗೆ ಬಂದ ಹೊಸದರಲ್ಲಿ ಹಿಂಜವಾಡಿಯ ಕಟ್ಟಡಗಳಿಗೆ ಇಟ್ಟಿಗೆ ಬುಟ್ಟಿ ಹೊತ್ತವಳು ಅವಳು. ಹೆಣ್ಣಾಳುಗಳಿಗೆ ಒಂದು ಕಕ್ಕಸು ಕಟ್ಟಿಸದೆ ಮುಗಿಲು ಮುಟ್ಟುವ ಮನೆ ಕಟ್ಟಿಸಲು ಹೊರಟಿದ್ದ, ಆಳುಗಳ ಮೇಲಿನ ಮುಕಾದಮನನ್ನು ನಾಲ್ಕು ಜನರೆದುರು ಮರಾಠಿಯಲ್ಲಿ ಬೈದು, ಸಾಲದ್ದಕ್ಕೆ ಕನ್ನಡದಲ್ಲೂ ಬೈದಿದ್ದಳು. ಮೊಣಕಾಲು ಸವೆದ ಮೇಲೆ ಬುಟ್ಟಿ ಇಳಿಸಿ ಮನೆಗೆಲಸ ಹಿಡಿದಳು. ಬಾಯಿ ಮಾತ್ರ ಸವೆಯಲಿಲ್ಲ.

ಅಂಥವಳು ಒಂದೇ ಒಂದು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅದು ಹೋಟೆಲಿನ ರಘುರಾಮನ ಮನೆ. ಕರಾವಳಿಯ ಕಾಪು ಕಡೆಯವರು. ದೊಡ್ಡ ರಸ್ತೆಯಲ್ಲಿ ಹೋಟೆಲು, ಹಿಂದಿನ ಗಲ್ಲಿಯಲ್ಲಿ ಸ್ವಂತ ಮನೆ. ದಿನವಿಡೀ ಮರಾಠಿ ಮಾತಾಡಿ ನಾಲಿಗೆ ದಣಿದವಳಿಗೆ ಆ ಮನೆಯ ಕನ್ನಡ, ಅರ್ಧ ಅರ್ಥವಾಗದಿದ್ದರೂ, ನಮ್ಮವರದು ಅನ್ನಿಸುತ್ತಿತ್ತು. ತನ್ನ ಮಗಳು ಭಾಗ್ಯಾ ಡೆಂಗಿಯಿಂದ ಆಸ್ಪತ್ರೆ ಸೇರಿದಾಗ ರಘುರಾಮನ ಹೆಂಡತಿ ಪಂಕಜಾಕ್ಷಿ ಗಂಜಿ ಕಟ್ಟಿಕೊಂಡು ಬಂದು ಹಾಸಿಗೆಯ ಪಕ್ಕ ಕೂತಿದ್ದಳು. ಉಪಕಾರ ಮರೆಯುವ ಜಾತಿಯವಳಲ್ಲ ಮರೆಮ್ಮ. ಆ ಮನೆಯಲ್ಲಿ ಏನು ಕಂಡರೂ ಕಾಣದಂತೆ, ಏನು ಕೇಳಿದರೂ ಕೇಳದಂತೆ ಇದ್ದುಬಿಟ್ಟಳು.

ಈಗ ಪಂಕಜಾಕ್ಷಿಗೆ ಕಾಲುನೋವು. ಒಲೆಯ ಮುಂದೆ ನಿಲ್ಲಲಾಗುವುದಿಲ್ಲ. ಹನ್ನೆರಡನೆಯದು ಮುಗಿಸಿ ಮನೆಯಲ್ಲಿದ್ದ ಭಾಗ್ಯಾಳನ್ನು ಅಡುಗೆಗೆ ಕೈಯಾಸರೆಯಾಗಿ ಕಳಿಸು ಎಂದು ಕೇಳಿದ್ದಳು. ಮಗಳನ್ನು ಬೇರೆಯವರ ಮನೆಗೆ ಕಳಿಸಲು ಮರೆಮ್ಮನಿಗೆ ಮನಸ್ಸಿರಲಿಲ್ಲ. ಆದರೆ ಇವರು ಬೇರೆಯವರೇನು? ಪಾತ್ರೆ ತಿಕ್ಕುವ ಕೆಲಸವಲ್ಲ, ಒಲೆಯ ಮುಂದಿನ ಕೆಲಸ, ಮನೆಯ ಮಗಳ ಹಾಗೆ ಇರ್ತಾಳೆ ಎಂದು ಪಂಕಜಾಕ್ಷಿ ಬಾಯಿಬಿಟ್ಟು ಹೇಳಿದ್ದಳು. ನೀನು ಹೇಳಿದಂಗ ಅವ್ವಾ ಎಂದು ಭಾಗ್ಯಾ ತಾಯಿಯ ಮೇಲೆಯೇ ಬಿಟ್ಟಿದ್ದಳು. ಈ ಭಾನುವಾರ ಹೂಂ ಅಂದುಬಿಡೋಣ ಎಂದುಕೊಂಡೇ ಮರೆಮ್ಮ ಗೇಟು ತೆರೆದು ಒಳಗೆ ಬಂದಳು.

ಬಂದರೆ, ಅಂಗಳದ ತುಂಬ ಕಾರು. ಪಂಕಜಾಕ್ಷಿಯ ಮಗ ಚೇತನ ಯಾರಿಂದಲೋ ಕೊಂಡ ಹಳೆಯ ಸ್ಪೋರ್ಟ್ಸ್ ಕಾರು, ಮೆಣಸಿನಕಾಯಿ ಕೆಂಪು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಇಡೀ ಸಂಸಾರ ಕೂರುವ ಗಾಡಿ ಬಿಟ್ಟು ಇಬ್ಬರೇ ಕೂರುವುದನ್ನು ತಂದವನ ತಲೆ ಎಂಥದಿರಬೇಕು ಎಂದು ಮರೆಮ್ಮ ಎಷ್ಟೋ ಸಲ ಮನಸ್ಸಿನಲ್ಲೇ ಕೇಳಿಕೊಂಡಿದ್ದಳು. ಅದರ ಮುಂದಿನ ಗಾಲಿಗಳನ್ನು ಹಲಗೆಗಳ ಮೇಲೆ ಹತ್ತಿಸಿ, ಮೊಬೈಲಿನಲ್ಲಿ ವಿಡಿಯೋ ಹಚ್ಚಿಟ್ಟು, ಚೇತನ ಅಂಗಾತ ಕೆಳಗೆ ತೂರಿದ್ದ. ಎಂಜಿನ್ನಿನ ಎಣ್ಣೆ ಬದಲಿಸುತ್ತಿದ್ದ. ಅಡಿಯ ನಟ್ಟು ಬಿಚ್ಚಿ ಬಿಸಿ ಎಣ್ಣೆಯನ್ನು ಪಾತ್ರೆಯೊಂದಕ್ಕೆ ಇಳಿಸಿ, ತಗಡಿನ ಡಬ್ಬಿಗೆ ಸುರಿದೂ ಆಗಿತ್ತು. ಸುರಿಯುವಾಗ ಅರ್ಧ ಚೆಲ್ಲಿ, ಮರೆಮ್ಮ ತೊಳೆದ ಪಾತ್ರೆ ಇಡುವ ಕಲ್ಲುಕಟ್ಟೆಯೆಲ್ಲ ಕರ್ರಗೆ. ಕೊನೆಯ ಹನಿಯೂ ಇಳಿಯಲಿ ಎಂದು ನಟ್ಟು ಹಾಕದೆ ಕೆಳಗೆ ಪೇಪರು ಹಾಸಿದ್ದ.

ಅವನು ಎಣ್ಣೆ ಹಿಡಿದ ಪಾತ್ರೆಯನ್ನು ಮರೆಮ್ಮ ಬಗ್ಗಿ ನೋಡಿದಳು. ಎತ್ತರದ ಅಂಚಿನ ಅಗಲವಾದ ಹಿತ್ತಾಳೆ ಪರಾತ. ಪಂಕಜಾಕ್ಷಿ ಅದನ್ನು ಹರಿವಾಣ ಅನ್ನುತ್ತಾಳೆ, ತವರಿನಿಂದ ಬಂದದ್ದು, ದೇವರ ನೈವೇದ್ಯಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಇಳಿಸುವುದಿಲ್ಲ.

"ಮಾವಶಿ, ಇದನ್ನ ಬೇಗ ಕ್ಲೀನ್ ಮಾಡಿ ಕೊಡು ನಾ, ಮಮ್ಮಿ ನೋಡೋ ಮುಂಚೆ" ಎಂದ ಚೇತನ. ಕೆಲಸದ ಹೆಂಗಸನ್ನು ಚಿಕ್ಕಮ್ಮ ಅನ್ನುವುದು ಪುಣೆಯ ಮಕ್ಕಳಿಗೆ ಯಾರೋ ಕಲಿಸಿದ್ದಾರೆ.

ಅಷ್ಟರಲ್ಲಿ ಪಂಕಜಾಕ್ಷಿಯೇ ಕುಂಟುತ್ತ ಬಾಗಿಲಿಗೆ ಬಂದಳು. "ಅಯ್ಯೋ ಚೇತು, ದೇವರ ಹರಿವಾಣವೇ ಸಿಕ್ಕಿದ್ದಾ ನಿಂಗೆ? ಚೌತಿಗೆ ಪಂಚಕಜ್ಜಾಯ ಇಡುವುದು ಅದರಲ್ಲಿ. ಗ್ಯಾರೇಜಿಗೆ ಕೊಡ್ಲಿಕ್ಕೆ ಎಂತ ಆಗ್ತಿತ್ತು?"

"ಬೇರೆ ಯಾವುದೂ ಇಷ್ಟು ಅಗಲ ಇರ್ಲಿಲ್ಲ ಮಮ್ಮಿ. ಗ್ಯಾರೇಜಿನಲ್ಲಿ ಯಾರ್ಯಾರೋ ಮುಟ್ತಾರೆ. ನನ್ನ ಗಾಡಿಗೆ ಯಾರದೋ ಕೈ ಹತ್ತೋದು ನಂಗೆ ಸರಿಬರಲ್ಲ."

ಬೈಯುತ್ತಾಳೆ, ಚೆನ್ನಾಗಿ ಬೈಯುತ್ತಾಳೆ ಎಂದು ಮರೆಮ್ಮ ಕಾದಳು. ಪಂಕಜಾಕ್ಷಿ ನಕ್ಕುಬಿಟ್ಟಳು. "ಹೋಗ್ಲಿ. ಮರೆಮ್ಮ ತೊಳೆದರೆ ಹೋಗ್ತದೆ. ನೀನು ಒಳಗೆ ಬಾ, ದೋಸೆ ತಣ್ಣಗಾಗ್ತದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮರೆಮ್ಮ ನಲ್ಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹೂವಿನ ಕುಂಡದ ಒಣಮಣ್ಣು ಹಾಕಿ ಜಿಡ್ಡು ಎಳೆದಳು, ಸೋಪಿನ ಪುಡಿ ಹಾಕಿದಳು, ಹುಣಸೆಹಣ್ಣು ಹಾಕಿದಳು. ಮೂಸಿದರೆ ಇನ್ನೂ ಕಾರೇ ನಾರುತ್ತಿತ್ತು. ಮತ್ತೆ ಮಣ್ಣು, ಮತ್ತೆ ಹುಣಸೆ. ಉಗುರಿನ ಸಂದಿಯೆಲ್ಲ ಕಪ್ಪಾಯಿತು, ಮೊಣಕಾಲು ಕಿತ್ತು ಬರುವಂತಾಯಿತು. ಗಂಜಿ ತಂದಿದ್ದರು, ಹಾಸಿಗೆ ಪಕ್ಕ ಕೂತಿದ್ದರು ಎಂದು ತನಗೆ ತಾನೇ ಹೇಳಿಕೊಂಡು ತಿಕ್ಕಿದಳು. ಕಡೆಗೆ ಪರಾತ ಹೊಸದರಂತೆ ಹೊಳೆಯಿತು. ತಾನು ತಿಕ್ಕಿದ್ದಕ್ಕೆ ತಾನೇ ಖುಷಿಪಟ್ಟಳು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮರೆಮ್ಮ ತೊಳೆದ ಪಾತ್ರೆ ಹೊರಗಿನ ಕಲ್ಲುಕಟ್ಟೆಯ ಮೇಲೆ ಬೋರಲು ಬೀಳಬೇಕು. ಪಂಕಜಾಕ್ಷಿ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಪಾತ್ರೆಗಳ ಮೇಲೆ ಹೊಯ್ದು, ಆಮೇಲೆ ತನ್ನ ಕೈಯಿಂದಲೇ ಒಳಗೆ ಒಯ್ಯಬೇಕು. ಸೋಪಿನ ನೊರೆ ಉಳಿದಿರಬಹುದು ಎಂದು ಹೊಯ್ಯುತ್ತಾರೆ ಎಂದುಕೊಂಡಿದ್ದಳು ಮರೆಮ್ಮ. ಎಂದುಕೊಂಡಿದ್ದಳು ಅನ್ನುವುದಕ್ಕಿಂತ, ಹಾಗೆ ಎಂದುಕೊಂಡರೆ ಕೆಲಸ ನಡೆಯುತ್ತಿತ್ತು.

ಇವತ್ತು ಕಟ್ಟೆಯ ಮೇಲೆಲ್ಲ ಎಣ್ಣೆ. ಇಷ್ಟು ಒದ್ದಾಡಿ ತೊಳೆದದ್ದನ್ನು ಅಲ್ಲಿ ಇಡುವುದು ಹೇಗೆ? ಮರೆಮ್ಮ ಪರಾತವನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಹೊಸ್ತಿಲು ದಾಟಲು ಕಾಲೆತ್ತಿದಳು.

"ಅಲ್ಲೇ, ಅಲ್ಲೇ ಇಡು ಮಾರಾಯ್ತಿ. ದೇವರದ್ದದು" ಎಂದು ಪಂಕಜಾಕ್ಷಿ ಕಾಲುನೋವು ಮರೆತು ಓಡಿಬಂದಳು.

ಎತ್ತಿದ ಕಾಲು ಹಾಗೇ ನಿಂತಿತು. ಒಳಗೆ ಒಲೆಯ ಪಕ್ಕದಲ್ಲಿ ಚೇತನ ನಿಂತಿದ್ದ. ಕೈ ತೊಳೆದಿರಲಿಲ್ಲ, ಬಟ್ಟೆಗೆ ಒರೆಸಿಕೊಂಡಿದ್ದ ಅಷ್ಟೇ. ಅದೇ ಕಪ್ಪು ಬೆರಳಿನಿಂದ ದೋಸೆಯ ಬುಟ್ಟಿಗೆ ಕೈ ಹಾಕಿ ಇನ್ನೊಂದು ಎತ್ತಿಕೊಳ್ಳುತ್ತಿದ್ದ. ತಾಯಿ ಅವನಿಗೆ ಏನೂ ಅಂದಿರಲಿಲ್ಲ.

ಮರೆಮ್ಮನ ಪಿತ್ತ ನೆತ್ತಿಗೇರಿತು. ವರ್ಷಗಟ್ಟಲೆ ನೊರೆಗೆ ಅಂದುಕೊಂಡಿದ್ದ ನೀರು ಯಾತಕ್ಕೆ ಬೀಳುತ್ತಿತ್ತೆಂದು ಇನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ.

"ಅಕ್ಕಾರ, ಕಟ್ಟಿ ತುಂಬ ಎಣ್ಣಿ ಚೆಲ್ಯಾದ್ರಿ. ಎಲ್ಲಿ ಇಡ್ಲಿ?"

"ಹೊಸ್ತಿಲಾಚೆ ಎಲ್ಲಾದ್ರೂ ಇಡು. ನಾನು ನೀರು ಹಾಕಿ ತಗೊಳ್ತೇನೆ."

"ಕಾರಿನ ಎಣ್ಣಿ ನಾ ತಿಕ್ಕಿದ್ರ ಹೋತು. ನೀವು ನೀರು ಹಾಕೋದು ಯಾವುದು ಹೋಗ್ಲಿ ಅಂತ್ರಿ?"

ಪಂಕಜಾಕ್ಷಿಯ ಮುಖ ಕೆಂಪಾಯಿತು. "ಎಂತ ಮಾತು ಇದು ಮರೆಮ್ಮ? ನಾನು ಯಾವತ್ತಾದ್ರೂ ನಿನ್ನ ಜಾತಿ ಕೇಳಿದ್ದೇನಾ? ಅತ್ತೆಯ ಕಾಲದಿಂದ ಬಂದ ಪದ್ಧತಿ, ಅಷ್ಟೇ. ನೀನು ನಮ್ಮವಳೇ ಅಲ್ವಾ?"

ಚೇತನ ದೋಸೆ ಹಿಡಿದುಕೊಂಡು ಮೆಲ್ಲಗೆ ಹಜಾರಕ್ಕೆ ಜಾರಿಕೊಂಡ.

"ಹಂಗಾದ್ರ ಒಂದು ಕೇಳ್ತೀನ್ರಿ" ಎಂದಳು ಮರೆಮ್ಮ. ಅವಳ ದನಿ ಏರಲಿಲ್ಲ. ಅವಳು ಮೆತ್ತಗೆ ಮಾತಾಡಿದರೆ ಚಾಳಿನವರು ಮನೆಯೊಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದರು. "ನಾಳಿ ನನ್ನ ಮಗಳು ನಿಮ್ಮ ಒಲಿ ಮುಂದ ನಿಂತ್ರ, ಆಕಿ ಮುಟ್ಟಿದ್ದರ ಮ್ಯಾಲೂ ನೀರು ಹಾಕ್ತೀರೇನು?"

ಇಲ್ಲ ಅನ್ನಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಇಲ್ಲ ಅಂದುಬಿಟ್ಟರೆ ಉಳಿದದ್ದೆಲ್ಲ ನುಂಗಿಕೊಳ್ಳಲು ಅವಳು ಈಗಲೂ ತಯಾರಿದ್ದಳು.

ಪಂಕಜಾಕ್ಷಿ ಸ್ವಲ್ಪ ಹೊತ್ತು ಯೋಚಿಸಿದಳು. ಪಾಪ, ಪ್ರೀತಿಯಿಂದಲೇ ಯೋಚಿಸಿದಳು. "ಛೆ, ಅವಳು ಕಲಿತ ಹುಡುಗಿ. ಅವಳಿಗೆ ಹಾಗೆಲ್ಲ ಇಲ್ಲ. ಇಲ್ಲಿಗೆ ಬಂದು ಹಿಂದಿನ ಬಚ್ಚಲಲ್ಲಿ ಒಂದು ಸ್ನಾನ ಮಾಡಿ ಒಳಗೆ ಬಂದ್ರೆ ಆಯ್ತು."

"ನನ್ನ ಮಗಳು ದಿನಾ ಮುಂಜಾನೆ ಜಳಕ ಮಾಡ್ತಾಳ್ರಿ, ನಮ್ಮ ಮನಿಯೊಳಗ."

ಹಾಗೆಂದವಳೇ ಮರೆಮ್ಮ ತಿರುಗಿ ಅಂಗಳಕ್ಕೆ ನಡೆದಳು. ಕಾರಿನ ಮುಂದೆ ಮೊಣಕಾಲೂರಿ ಕೂತು, ತೊಯ್ದ ಪೇಪರು ಎಳೆದು ಬಿಸಾಕಿ, ಹೊಳೆಯುವ ಪರಾತವನ್ನು ನಟ್ಟು ಬಿಚ್ಚಿದ ತೂತಿನ ನೇರಕ್ಕೆ ತಳ್ಳಿದಳು. ದಪ್ಪ ಕಪ್ಪು ಹನಿಯೊಂದು ನಡುಮಧ್ಯೆ ಬಿತ್ತು. ಪಂಕಜಾಕ್ಷಿ ಚೊಂಬು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

ಮರೆಮ್ಮ ಎದ್ದು ಸೆರಗಿನಿಂದ ಕೈ ಒರೆಸಿಕೊಂಡಳು.

"ಭಾಗ್ಯಾ ಬರಂಗಿಲ್ರಿ ಅಕ್ಕಾರ, ನಾನೂ ಬರಂಗಿಲ್ಲ. ಇನ್ನ ಪರಾತ ನೀವ ತೊಳ್ಕೋರಿ. ನೀವ ತೊಳದ್ರ ಅದರ ಮ್ಯಾಲ ನೀರು ಹಾಕೋ ಕೆಲಸಾನೂ ತಪ್ಪತದ."