ಅತ್ತೆಯ ರಂಗೋಲಿ, ನನ್ನ ಇರುವೆ

ಸ್ನೇಹಿತರೇ, ಚೆನ್ನೈಗೆ ಚಳಿಗಾಲವಿಲ್ಲ, ಹಾಗಾಗಿ ಇಲ್ಲಿನ ಇರುವೆಗಳಿಗೆ ರಜೆಯೂ ಇಲ್ಲ. ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಟ್ಟಿಟ್ಟು ಸಾಕಾಗಿ, ಇವತ್ತು ಮತ್ತೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದೆ.

ಬಂದವರು ಅಡುಗೆಮನೆಯಿಂದ ಇರುವೆಸಾಲಿನ ಹಿಂದೆಯೇ ಹೋದರು. ಸಾಲು ಹೊಸ್ತಿಲು ದಾಟಿ, ಅತ್ತೆ ಬೆಳಿಗ್ಗೆ ಅಕ್ಕಿಹಿಟ್ಟಿನಲ್ಲಿ ಹಾಕಿದ್ದ ರಂಗೋಲಿಗೆ ಮುಟ್ಟಿತು.

"ಅಮ್ಮಾ, ನೀವೇ ಊಟ ಹಾಕ್ತಿದ್ದೀರಲ್ಲ!"

"ಅವಕ್ಕೆ ಅಂತಲೇ ಹಾಕೋದಪ್ಪ. ಹೊರಗೆ ಬಡಿಸಿದ್ರೂ ಒಳಗ್ಯಾಕೆ ಬರ್ತವೋ!" ಅಂತ ಅತ್ತೆ ನನ್ನ ಮುಖ ನೋಡಿದರು.

ಪೆಸ್ಟ್ ಕಂಟ್ರೋಲ್‌ನವರು ಔಷಧಿ ಹೊಡೆದು ಹೋದರು. ಸತ್ತ ಇರುವೆಗಳನ್ನು ಗುಡಿಸಿ ಹೊರಗೆ ಬಂದರೆ, ಅತ್ತೆ ಇನ್ನೊಂದು ರಂಗೋಲಿ ಹಾಕುತ್ತಿದ್ದಾರೆ, ಬೆಳಗಿನದಕ್ಕಿಂತ ದೊಡ್ಡದು.

"ಅಷ್ಟೊಂದು ಸತ್ತವಲ್ಲೇ, ಪಾಪ. ಉಳಿದವಾದ್ರೂ ತಿನ್ಲಿ."

ಈಗ ನೋಡಿದೆ. ಉಳಿದವು ನೆಂಟರನ್ನೂ ಕರಕೊಂಡು ಬಂದಿವೆ. ಸಕ್ಕರೆ ಡಬ್ಬಿ ಮತ್ತೆ ನೀರಿಗಿಳಿದಿದೆ.